ಲಗ್ನದ ಸಾಕ್ಷಿ

ನಮ್ಮ ಕಮರಿಪೇಟೆಯ ಓಣಿಯಲ್ಲಿ ಮಧ್ಯಾಹ್ನದ ಊಟ ತೀರಿ ಎಲೆಯಡಿಕೆಯ ತಾಟು ಮುಂದಕ್ಕೆ ಬರುವ ಹೊತ್ತಿಗೆ ಯಾವನಾದರೂ ಹಳೆಯ ಶಿಷ್ಯನು ಬಾಗಿಲಲ್ಲಿ ನಿಂತನೆಂದರೆ, ಆತನಿಗೆ ಏನೋ ಒಂದು ಕಾಗದ ಬೇಕಾಗಿದೆಯೆಂದು ನಾನು ತಿಳಿಯುವದುಂಟು. ಮೂವತ್ತೈದು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದವನ ಮನೆಗೆ ಜನರು ಬರುವದು ಇದಕ್ಕಾಗಿಯೇ. ಒಬ್ಬನಿಗೆ ಹುಟ್ಟಿದ ತಾರೀಖಿನ ತಿದ್ದುಪಡಿಗೆ ಅರ್ಜಿ ಬೇಕು, ಇನ್ನೊಬ್ಬನಿಗೆ ಮಂಗಲಪತ್ರಿಕೆಯ ಒಕ್ಕಣಿಕೆ ಬೇಕು. ಆದರೆ ಹೋದ ಶ್ರಾವಣದಲ್ಲಿ ಬಂದ ಶಿಷ್ಯನು ಬೇಡಿದ ಕಾಗದವು ಇವೆಲ್ಲವುಗಳಿಂದ ಬೇರೆಯಾದದ್ದು. ಆತನ ಮಗಳ ಲಗ್ನವು ನಿಜವಾದ ಲಗ್ನವೆಂದು ನಾನು ಅಮೇರಿಕದ ಸರಕಾರಕ್ಕೆ ಬರೆದು ಕೊಡಬೇಕಾಗಿತ್ತು!

ಹುಡುಗಿಯನ್ನು ನಾನು ತೊಟ್ಟಿಲಿನಿಂದ ಬಲ್ಲೆ. ಹುಬ್ಬಳ್ಳಿಯಲ್ಲಿಯೇ ಇಂಜಿನಿಯರಿಂಗ್ ಓದಿ, ಹೆಚ್ಚಿನ ಅಭ್ಯಾಸಕ್ಕೆಂದು ಟೆಕ್ಸಾಸ್ ಪ್ರಾಂತಕ್ಕೆ ಹೋಗಿ, ಅಲ್ಲಿಯೇ ಎಚ್-1ಬಿ ಎಂಬ ವೀಸಾದ ಮೇಲೆ ನೌಕರಿಗೆ ನಿಂತವಳು. ವರನ ಮನೆತನ ಧಾರವಾಡದ್ದು. ಆದರೆ ಆತನು ಮೂರು ವರ್ಷದ ಕೂಸಿದ್ದಾಗಲೇ ತಂದೆತಾಯಿಗಳ ಸಂಗಡ ಆ ದೇಶಕ್ಕೆ ಹೋಗಿ, ಈಗ ಅಲ್ಲಿಯ ಪ್ರಜೆಯೇ ಆಗಿದ್ದಾನೆ. ಎರಡೂ ಮನೆಗಳ ಹಿರಿಯರು ಕೂಡಿ ಗೊತ್ತುಮಾಡಿದ ಸಂಬಂಧ. ಹಿಂದಿನ ವರ್ಷದ ಮಾಘಮಾಸದಲ್ಲಿ ಹುಬ್ಬಳ್ಳಿಯಲ್ಲಿ ಲಗ್ನವಾಯಿತು. ನಾನೂ ನನ್ನ ಮನೆಯವರೂ ಅಂತರಪಟ ಸರಿಯುವ ಹೊತ್ತಿಗೆ ಮಂಟಪದ ಪಕ್ಕದಲ್ಲಿಯೇ ಕುಳಿತಿದ್ದೆವು.

ಇನ್ನು ಆ ದೇಶದ ಕಾಯದೆಯ ಮಾತು. ಅಮೇರಿಕದ ಪ್ರಜೆಯು ತನ್ನ ಹೆಂಡತಿಯನ್ನಾಗಲಿ ಗಂಡನನ್ನಾಗಲಿ ಖಾಯಂ ವಾಸಕ್ಕೆ ಕರೆದುಕೊಳ್ಳುವದಕ್ಕೆ ವರ್ಷಕ್ಕೆ ಇಷ್ಟೇ ಮಂದಿಯೆಂಬ ಮಿತಿ ಇಲ್ಲ. ನೌಕರಿಯ ಮೂಲಕ ಅದೇ ಹಕ್ಕನ್ನು ಬೇಡುವ ಭಾರತದಲ್ಲಿ ಹುಟ್ಟಿದವರಿಗಾದರೋ ಮಿತಿ ಇದೆ. ಅವರ ಸಾಲು ಎಷ್ಟು ಉದ್ದವೆಂದರೆ, ಅರ್ಜಿ ಹಾಕಿದವರ ಮಕ್ಕಳು ಬೆಳೆದು ಕಾಲೇಜಿಗೆ ಹೋದರೂ ತಂದೆಯ ಪಾಳಿ ಬಾರದು. ಒಂದು ಬಾಗಿಲು ಬೇಗ ತೆರೆಯುತ್ತದೆ, ಇನ್ನೊಂದು ತೆರೆಯುವದೇ ಇಲ್ಲವೆಂದಾಗ, ಮೊದಲನೆಯ ಬಾಗಿಲಿಗೆ ಕಳ್ಳಕೀಲಿ ಮಾಡುವವರು ಹುಟ್ಟಿಕೊಳ್ಳುವದು ಸಹಜ. ದುಡ್ಡು ತೆಗೆದುಕೊಂಡು ಹೆಸರಿಗೆ ಮಾತ್ರ ಮದುವೆಯಾಗುವವರೂ ಇದ್ದಾರೆ, ಅಂಥವರನ್ನು ಕೂಡಿಸಿ ಕೊಡುವ ದಲಾಲರೂ ಇದ್ದಾರೆ. ಇದಕ್ಕಾಗಿ 1986ರಲ್ಲಿ ಅಲ್ಲಿಯ ಶಾಸನಸಭೆಯು ಪ್ರತ್ಯೇಕ ಕಾಯದೆಯನ್ನೇ ಮಾಡಿತು. ಸುಳ್ಳು ಲಗ್ನ ಮಾಡಿಕೊಂಡವರಿಗೆ ಐದು ವರ್ಷದ ವರೆಗೆ ಸೆರೆಮನೆ, ಎರಡೂವರೆ ಲಕ್ಷ ಡಾಲರಿನ ವರೆಗೆ ದಂಡ. ಇದಲ್ಲದೆ, ಒಮ್ಮೆ ಹೀಗೆ ಸಿಕ್ಕಿಬಿದ್ದವನು ಮುಂದೆ ನಿಜವಾಗಿಯೇ ಮದುವೆಯಾದರೂ ಆ ಹೆಂಡತಿಯ ಅರ್ಜಿಯೂ ನಡೆಯದು. ಹೀಗಿರುವದರಿಂದಲೇ ದಂಪತಿಗಳಿಬ್ಬರನ್ನೂ ಕರೆಯಿಸಿ, ಎದುರಿಗೆ ಕೂಡಿಸಿಕೊಂಡು, ವಿಚಾರಿಸುವ ಪದ್ಧತಿ.

(ಆ ಪತ್ರಕ್ಕೆ ಹಸಿರು ಕಾರ್ಡೆಂದು ಹೆಸರು ಬಂದದ್ದು 1940ರ ದಶಕದ ಬಣ್ಣದಿಂದ. 1964ರಲ್ಲಿ ಅದನ್ನು ನೀಲಿ ಮಾಡಿದರು. ಮುಂದೆ ಬೇರೆ ಬಣ್ಣಗಳೂ ಬಂದವು. ಜನರು ಮಾತ್ರ ಹಸಿರೆಂದೇ ಕರೆದರು. ಕೊನೆಗೆ 2010ರಲ್ಲಿ ಸರಕಾರವೇ ಮತ್ತೆ ಹಸಿರಿಗೆ ಬಂದಿತು.)

ಶಿಷ್ಯನು ತಾಟಿನಲ್ಲಿಯ ಅಡಿಕೆಯನ್ನು ಬೆರಳಿನಿಂದ ಆಡಿಸುತ್ತ, "ಮಾಸ್ತರ, ಅವರಿಬ್ಬರೂ ಸಣ್ಣವರಿದ್ದಾಗಿಂದ ಒಬ್ಬರಿಗೊಬ್ಬರು ಗುರ್ತು ಅಂತ ಬರದ ಕೊಡ್ರಿ. ಎಂಟ ದಿನದಾಗ ಮಾತಾಡಿ ಮುಗಿಸಿದ ಲಗ್ನಾ ಅಂದ್ರ ಆ ಸಾಹೇಬ ನಂಬ್ತಾನೇನ್ರಿ?" ಎಂದನು.

"ನಾ ಕಂಡಿಲ್ಲಲ್ಲೋ" ಎಂದೆನು.

"ನೀವು ಕಂಡಿಲ್ಲಂತ ಅಲ್ಲಿ ಯಾರಿಗ ಗೊತ್ತಾಗ್ತದ್ರಿ?"

ನನಗೆ ಸಿಟ್ಟು ಬಂದಿತು. ಆದರೆ ಆತನ ಮುಖ ನೋಡಿ ನುಂಗಿಕೊಂಡೆನು. ಮಗಳ ಸಂಸಾರವು ಯಾವನೋ ಕಾಣದ ಅಧಿಕಾರಿಯ ಒಂದು ರುಜುವಿನಲ್ಲಿ ಸಿಕ್ಕಿಕೊಂಡಿರುವಾಗ ತಂದೆಯಾದವನು ಏನು ತಾನೆ ಬೇಡಲಿಕ್ಕಿಲ್ಲ! ಆದರೂ ಸಾಕ್ಷಿಯೆಂಬ ಶಬ್ದವನ್ನು ಸಾವಿರಾರು ಹುಡುಗರಿಗೆ ಬಿಡಿಸಿ ಹೇಳಿದವನು ನಾನು. ಸ್ವತಃ ಕಂಡವನೇ ಸಾಕ್ಷಿಯೆಂದು ಪಾಣಿನಿಯು ಆ ಶಬ್ದವನ್ನು ಸಾಧಿಸಿದ್ದಾನೆ, ಕೇಳಿದವನಲ್ಲ, ಊಹಿಸಿದವನಲ್ಲ. ಮುಂದೆ ತಿಳಿದು ನನಗೆ ಆಶ್ಚರ್ಯವಾದದ್ದೇನೆಂದರೆ, ಅಮೇರಿಕದ ನಿಯಮವೂ ಅದನ್ನೇ ಕೇಳುತ್ತದೆ. ಇಂಥ ಪ್ರಮಾಣಪತ್ರಿಕೆಯಲ್ಲಿ ಬರೆಯುವವನ ಪೂರ್ಣ ಹೆಸರು, ವಿಳಾಸ, ಹುಟ್ಟಿದ ದಿನ, ಹುಟ್ಟಿದ ಊರು ಇರಬೇಕು. ಅದಲ್ಲದೆ ಲಗ್ನದ ಸಂಗತಿಯು ತನಗೆ ಹೇಗೆ ತಿಳಿಯಿತೆಂಬದನ್ನೂ ಆತನು ವಿವರಿಸಬೇಕು.

ಶಕುಂತಲೆಯ ಕಥೆಯು ನೆನಪಿಗೆ ಬಾರದೆ ಹೋಗುವದೇ? ತುಂಬಿದ ರಾಜಸಭೆಯಲ್ಲಿ ನಿಂತು, ನಾನು ನಿನ್ನ ಹೆಂಡತಿಯೆಂದು ಆ ಬಡವಿ ಸಾಧಿಸಬೇಕಾಯಿತು. ಗಾಂಧರ್ವ ವಿಧಿಯ ಲಗ್ನ, ಕಂಡವರಿಲ್ಲ. ಗುರುತಿನ ಉಂಗುರವಾದರೋ ಶಚೀತೀರ್ಥದ ನೀರಿನಲ್ಲಿ ಜಾರಿಹೋಗಿದೆ. ಕೇಳುವವನು ಸ್ವತಃ ಗಂಡನೇ, ಮರೆತವನೂ ಆತನೇ! ನಮ್ಮ ಹುಡುಗಿಯ ದೈವವು ಅದಕ್ಕಿಂತ ಒಳ್ಳೆಯದು. ಇಲ್ಲಿ ಗಂಡನು ಹೆಂಡತಿಯ ಪಕ್ಕದ ಕುರ್ಚಿಯಲ್ಲಿಯೇ ಕೂಡ್ರುತ್ತಾನೆ. ಮೂಲ ಅರ್ಜಿದಾರನೂ ಆತನೇ.

ಕಂಡದ್ದನ್ನು ಬರೆಯುತ್ತೇನೆಂದು ಹೇಳಿ, ಅಂದೇ ಒಂದು ಪುಟ ಬರೆದೆನು. ಲಗ್ನದ ದಿನ ನಾನು ಎಲ್ಲಿ ಕುಳಿತಿದ್ದೆ, ಸಪ್ತಪದಿಯು ನಡೆದದ್ದನ್ನು ಕಣ್ಣಾರೆ ಕಂಡದ್ದು, ವರನು ತಾಟಿನಲ್ಲಿ ಹರವಿದ ಅಕ್ಕಿಯ ಮೇಲೆ ಉಂಗುರದಿಂದ ವಧುವಿನ ಹೊಸ ಹೆಸರನ್ನು ಬರೆದದ್ದು, ಮುಂದೆ ದೀಪಾವಳಿಗೆ ಇಬ್ಬರೂ ಊರಿಗೆ ಬಂದಾಗ ನಮ್ಮ ಮನೆಯಲ್ಲಿ ಊಟ ಮಾಡಿದ್ದು, ಇಷ್ಟೇ. ಶಿಷ್ಯನು ಅದನ್ನು ಓದಿ, ಏನೂ ಮಾತಾಡದೆ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಎದ್ದುಹೋದನು. ಎರಡು ದಿನ ನಮ್ಮ ಓಣಿಗೆ ಕಾಲಿಡಲಿಲ್ಲ.

ಸಪ್ತಪದಿಯ ಮಾತನ್ನು ನಾನು ಒತ್ತಿ ಬರೆದದ್ದಕ್ಕೆ ಕಾರಣವುಂಟು. ಲಗ್ನಕ್ಕೆ ಮೂರು ತಿಂಗಳು ಮೊದಲೇ ನೋಂದಣಿ ಕಚೇರಿಗೆ ಹೋಗಿ ದಾಖಲು ಮಾಡಿಸಿಬಿಡಿರಿ, ಆ ಕಡೆಯ ಕಾಗದಪತ್ರದ ಕೆಲಸ ಬೇಗ ಸಾಗುವದೆಂದು ಯಾರೋ ಬುದ್ಧಿವಂತರು ನಮ್ಮ ಶಿಷ್ಯನಿಗೆ ಕಲಿಸಿದ್ದರು. ಆಗದ ಲಗ್ನವನ್ನು ಆಯಿತೆಂದು ಬರೆಯಿಸುವದು ಹೇಗೆಂದು ನಾನು ತಡೆದೆನು. 1955ರ ಹಿಂದೂ ವಿವಾಹ ಕಾಯದೆಯ ಏಳನೆಯ ಕಲಮಿನಂತೆ, ಸಪ್ತಪದಿಯುಳ್ಳ ಲಗ್ನವು ಏಳನೆಯ ಹೆಜ್ಜೆಯಿಟ್ಟಾಗಲೇ ಪೂರ್ಣವಾಗುವದು. ಎಂಟನೆಯ ಕಲಮಿನ ನೋಂದಣಿಯು ಆದ ಲಗ್ನಕ್ಕೆ ಪುರಾವೆಯೇ ಹೊರತು ತಾನೇ ಲಗ್ನವಲ್ಲ. 2024ರ ಏಪ್ರಿಲಿನಲ್ಲಿ ಡಾಲಿ ರಾಣಿ ಎಂಬವರ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಮ್ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿತು. ವಿಧಿ ನಡೆಯದೆ ಬರಿಯ ಪ್ರಮಾಣಪತ್ರ ಪಡೆದ ಆ ದಂಪತಿಗಳು ದಂಪತಿಗಳೇ ಅಲ್ಲವೆಂದು ತೀರ್ಪಾಯಿತು; ಪರದೇಶದ ವೀಸಾದ ಸಲುವಾಗಿ ಮೊದಲು ದಾಖಲೆ, ಆಮೇಲೆ ಲಗ್ನ ಎಂಬ ರೂಢಿಯನ್ನು ನ್ಯಾಯಾಧೀಶರು ಹೆಸರೆತ್ತಿ ಖಂಡಿಸಿದರು. ಹೆಣ್ಣುಮಕ್ಕಳ ತಂದೆತಾಯಿಗಳು ಇದನ್ನು ಅವಶ್ಯವಾಗಿ ಗಮನಿಸಬೇಕು. ಕಾಗದ ಕೈಯಲ್ಲಿದ್ದು, ನಡುವೆ ಸಂಬಂಧ ಕೆಟ್ಟರೆ, ಆ ಹುಡುಗಿಯು ಹೆಂಡತಿಯೂ ಅಲ್ಲ, ಕನ್ನೆಯೂ ಅಲ್ಲ ಎಂಬ ಸ್ಥಿತಿಯಲ್ಲಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುವದು.

ಮೂರನೆಯ ದಿನ ಹುಡುಗಿಯೇ ಮೊಬೈಲಿನಲ್ಲಿ ಮುಖ ತೋರಿಸಿ, "ಮಾಸ್ತರಜ್ಜಾ, ಅಪ್ಪಾನ್ನ ಮ್ಯಾಲೆ ಸಿಟ್ಟ ಮಾಡ್ಕೋಬ್ಯಾಡ್ರಿ. ನೀವು ಬರದದ್ದ ಸಾಕಂತ ವಕೀಲರು ಅಂದಾರ" ಎಂದಳು. ಹಿರಿಯರು ಕೂಡಿಸಿದ ಲಗ್ನವೆಂಬುದು ಅಲ್ಲಿಯ ಅಧಿಕಾರಿಗಳಿಗೆ ಹೊಸದಲ್ಲವಂತೆ. ಹೇಗೆ ಆಯಿತೋ ಹಾಗೆ ಹೇಳಿದರೆ ಆಯಿತು. ಇಲ್ಲದ ಪ್ರಣಯವನ್ನು ಕಟ್ಟಿದರೆ ಮಾತ್ರ ಅಪಾಯ.

ಇಲ್ಲಿಯ ವರೆಗೆ ನನ್ನ ನಡತೆಯನ್ನು ಹೊಗಳಿಕೊಂಡಂತೆ ಆಯಿತು. ಇನ್ನು ನನ್ನ ಮೂರ್ಖತನವನ್ನೂ ಹೇಳಬೇಕು. ಪರೀಕ್ಷೆಯೆಂಬ ಮಾತು ಕಿವಿಗೆ ಬಿದ್ದರೆ ಮಾಸ್ತರನಿಗೆ ಸುಮ್ಮನಿರಲು ಬಾರದು. ನಾನು ಅರವತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ಮಾಡಿದೆನು. ಮೊದಲು ಎಲ್ಲಿ ಕಂಡಿರಿ? ನಿಶ್ಚಯಕ್ಕೆ ಯಾರು ಯಾರು ಬಂದಿದ್ದರು? ಮನೆಗೆ ಕಿಟಕಿಗಳೆಷ್ಟು? ಅತ್ತೆಯ ಹುಟ್ಟೂರು ಯಾವದು? ಪ್ರತಿ ರವಿವಾರ ಇಬ್ಬರನ್ನೂ ಮೊಬೈಲಿನ ಮುಂದೆ ಕೂಡಿಸಿಕೊಂಡು, ಶಬ್ದರೂಪಗಳನ್ನು ಒಪ್ಪಿಸಿಕೊಂಡ ಹಾಗೆ ಉತ್ತರಗಳನ್ನು ಒಪ್ಪಿಸಿಕೊಂಡೆನು. ನಾಲ್ಕನೆಯ ವಾರಕ್ಕೆ ಇಬ್ಬರೂ ಒಂದಕ್ಷರ ತಪ್ಪದೆ ಒಂದೇ ವಾಕ್ಯವನ್ನು ಹೇಳತೊಡಗಿದರು. ನನಗೆ ಪರಮ ಸಂತೋಷ. ಅವರ ವಕೀಲರು ಒಮ್ಮೆ ತಾವೂ ಪ್ರಶ್ನೆ ಕೇಳಿ ನೋಡಿ, ದಿಗಿಲುಬಿದ್ದು, ಇದನ್ನು ಯಾರು ಕಲಿಸಿದರೆಂದು ಕೇಳಿದರಂತೆ. ನಿಜವಾದ ಗಂಡಹೆಂಡಿರು ಹೀಗೆ ಒಂದೇ ಬಾಯಿಂದ ಮಾತಾಡುವದಿಲ್ಲ. ಪಾಠಮಾಡಿಕೊಂಡ ಉತ್ತರವೇ ಕಳ್ಳರ ಗುರುತು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲವೆನ್ನಿರಿ, ಊಹಿಸಬೇಡಿರಿ ಎಂದು ಹೇಳಿ, ನನ್ನ ಪಟ್ಟಿಯನ್ನು ಹರಿಯಹಚ್ಚಿದರು. ಮನೆಯಲ್ಲಿ ಇದನ್ನು ಹೇಳಲಾಗಿ ನನ್ನ ಧರ್ಮಪತ್ನಿಯು, ನಮ್ಮ ಮನೆಗೆ ಕಿಟಕಿಗಳೆಷ್ಟೆಂದು ನನ್ನನ್ನೇ ಕೇಳಿದಳು. ನಾನು ಏಳೆಂದೆನು. ಒಂಬತ್ತು ಇವೆ.

ಅದೇ ದಿನ ಆಕೆಯ ಮನಸ್ಸಿನಲ್ಲಿದ್ದ ಇನ್ನೊಂದು ಅಂಜಿಕೆಯೂ ಹೊರಬಿದ್ದಿತು. ಹೆಣ್ಣುಮಗಳಿಗೆ ನಾಚಿಕೆಯಾಗುವಂಥ ಪ್ರಶ್ನೆಗಳನ್ನು ಕೇಳುತ್ತಾರಂತೆ ಹೌದೇ ಎಂದು. ಹುಡುಗಿಯ ತಾಯಿಗೂ ಇದೇ ಚಿಂತೆಯಿತ್ತು. ಸಾಮಾನ್ಯವಾಗಿ ಕೇಳುವದು ಸಂಸಾರದ ಹೊರಗಿನ ಮೈಯನ್ನು: ಬಾಡಿಗೆ ಯಾರು ಕಟ್ಟುತ್ತಾರೆ, ಅಡಿಗೆ ಯಾರದು, ನಿನ್ನೆ ರಾತ್ರಿ ಏನು ಉಂಡಿರಿ, ಇತ್ಯಾದಿ. ಸಂಶಯ ಬಲವಾದರೆ ಇಬ್ಬರನ್ನೂ ಬೇರೆ ಬೇರೆ ಕೂಡಿಸಿ ಅವೇ ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ತಾಳೆನೋಡುವರು. ನ್ಯೂಯಾರ್ಕಿನ ಸ್ಟೋಕ್ಸ್ ಎಂಬ 1975ರ ಮೊಕದ್ದಮೆಯಿಂದ ಅದಕ್ಕೆ ಸ್ಟೋಕ್ಸ್ ಸಂದರ್ಶನವೆಂದೇ ಹೆಸರು. ವಕೀಲರನ್ನು ಕರೆದೊಯ್ಯಲು ಅಡ್ಡಿಯಿಲ್ಲ. ಇಂಗ್ಲಿಷು ಸಾಲದವರು ಭಾಷಾಂತರ ಮಾಡುವವರನ್ನೂ ಒಯ್ಯಬಹುದು.

ಸಂದರ್ಶನವು ಕಾರ್ತಿಕದಲ್ಲಿ ನಿಶ್ಚಯವಾಯಿತು. ಹಿಂದಿನ ರಾತ್ರಿ ಗಂಡಹೆಂಡಿರು ಊಟದ ಮೇಜಿನ ಮೇಲೆ ಕಾಗದಗಳನ್ನು ಹರವಿಕೊಂಡು ಕುಳಿತರಂತೆ. ಕರೆಯೋಲೆ, ಇಬ್ಬರ ಪಾಸ್‌ಪೋರ್ಟುಗಳು, ನೋಂದಣಿ ಕಚೇರಿಯ ವಿವಾಹ ಪ್ರಮಾಣಪತ್ರದ ಮೂಲಪ್ರತಿ, ಇಬ್ಬರ ಹೆಸರಿನಲ್ಲಿರುವ ಬಾಡಿಗೆಯ ಕರಾರು, ಕೂಡುಖಾತೆಯ ಬ್ಯಾಂಕಿನ ಲೆಕ್ಕ, ಕೂಡಿ ಸಲ್ಲಿಸಿದ ವರಮಾನ ತೆರಿಗೆಯ ಪತ್ರಗಳು, ಲಗ್ನದ ಭಾವಚಿತ್ರಗಳು. ಒಂದು ಕಡೆಗೆ ಊರು ಹುಬ್ಳಿಯೆಂದೂ ಇನ್ನೊಂದು ಕಡೆಗೆ ಹುಬ್ಬಳ್ಳಿಯೆಂದೂ ಇತ್ತು. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಹೆಸರು ಬದಲಾದದ್ದನ್ನು ತೋರಿಸುವ ಕಾಗದವನ್ನು ವಕೀಲರು ಮೊದಲೇ ಇಟ್ಟಿದ್ದರು. ಹೀಗೆ ನೋಡುತ್ತ ನೋಡುತ್ತ, ಗಂಡನ ಅಜ್ಜಿಯು ಬರೆಯಿಸಿ ಕಳಿಸಿದ ಪ್ರಮಾಣಪತ್ರಿಕೆ ಕೈಗೆ ಬಂದಿತು. ಅದರಲ್ಲಿ ಆ ಹಿರಿಯಳು ಮೊಮ್ಮಗನ ಹೆಂಡತಿಯನ್ನು ಆದಿಯಿಂದ ಅಂತ್ಯದ ವರೆಗೆ ಅಕ್ಕಿಯಲ್ಲಿ ಬರೆದ ಹೆಸರಿನಿಂದಲೇ ಕರೆದಿದ್ದಳು!

ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆಯ ಅನೇಕ ಮನೆತನಗಳಲ್ಲಿ ತವರಿನ ಹೆಸರು ಒಂದು, ಗಂಡನ ಮನೆಯ ಹೆಸರು ಇನ್ನೊಂದು. ಶಾಲೆಯ ದಾಖಲೆ, ಪಾಸ್‌ಪೋರ್ಟು, ವಿವಾಹ ಪ್ರಮಾಣಪತ್ರ ಎಲ್ಲದರಲ್ಲಿಯೂ ಹುಡುಗಿಯ ಹಳೆಯ ಹೆಸರೇ ಇತ್ತು. ಹೊಸ ಹೆಸರಿನಿಂದ ಕರೆಯುವವರು ಅತ್ತೆಯ ಮನೆಯ ಹಿರಿಯರು ಮಾತ್ರ. ಆದರೆ ಐ-485 ಎಂಬ ಅರ್ಜಿಯಲ್ಲಿ, ಹುಟ್ಟಿದಂದಿನಿಂದ ನಿಮಗೆ ಬೇರೆ ಯಾವ ಹೆಸರಾದರೂ ಇದ್ದಿತೇ ಎಂಬ ಪ್ರಶ್ನೆಯಿದೆ. ಆ ಸ್ಥಳವನ್ನು ಆಕೆಯು ಖಾಲಿ ಬಿಟ್ಟಿದ್ದಳು. ಅದೊಂದು ಹೆಸರೆಂದು ಆಕೆಗೆ ಅನಿಸಿರಲೇ ಇಲ್ಲ. ಅಧಿಕಾರಿಯ ಕಣ್ಣಿಗೆ ಬಿದ್ದರೆ? ಲಗ್ನವಾದವಳು ಬೇರೊಬ್ಬಳು, ಎದುರಿಗೆ ಕುಳಿತವಳು ಬೇರೊಬ್ಬಳು! ಅಜ್ಜಿಯ ಕಾಗದವನ್ನು ತೆಗೆದುಬಿಡೋಣವೆಂದು ಗಂಡನು ಹೇಳಿದನು. ಅದರ ಪ್ರತಿಯು ಮೊದಲೇ ಕಚೇರಿಗೆ ಹೋಗಿದೆಯೆಂದು ಆಕೆ ಹೇಳಿದಳು. ಇಬ್ಬರೂ ನಿದ್ದೆ ಮಾಡಲಿಲ್ಲ.

ಮುಂದಿನ ಮಾತು ಆಕೆಯೇ ನನಗೆ ಹೇಳಿದ್ದು. ಮುಂಜಾನೆ ಕಚೇರಿಯಲ್ಲಿ ಹೆಸರು ಕೂಗಿದರು. ಒಳಗೆ ಸಣ್ಣ ಕೋಣೆ, ಒಂದು ಮೇಜು, ನಡುವಯಸ್ಸಿನ ಒಬ್ಬ ಅಧಿಕಾರಿಣಿ. ಇಬ್ಬರೂ ನಿಂತು, ಬಲಗೈ ಎತ್ತಿ, ಸತ್ಯವನ್ನೇ ಹೇಳುವೆವೆಂದು ಪ್ರಮಾಣ ಮಾಡಿದರು. ಕುಳಿತ ಕೂಡಲೆ, ಆ ಬಾಯಿ ಪ್ರಶ್ನೆಗೆ ತೊಡಗುವ ಮೊದಲೇ, ನಮ್ಮ ಹುಡುಗಿಯು ತನ್ನ ಅರ್ಜಿಯಲ್ಲಿ ಒಂದು ತಪ್ಪಾಗಿದೆಯೆಂದು ಹೇಳಿದಳು. ಅಧಿಕಾರಿಣಿಯು ಲೇಖನಿಯನ್ನು ಕೆಳಗಿಟ್ಟಳು. ಹುಡುಗಿಯು ಎರಡು ಹೆಸರಿನ ಸಂಗತಿಯನ್ನು ಹೇಳಿದಳು. ಅಕ್ಕಿ, ತಾಟು, ಉಂಗುರ ಎಲ್ಲವನ್ನೂ ಹೇಳಿದಳು. ಅವುಗಳ ಭಾವಚಿತ್ರ ಇದೆಯೇ ಎಂದರೆ, ಆ ಗಳಿಗೆಯಲ್ಲಿ ಚಿತ್ರ ತೆಗೆಯುವವನು ಊಟಕ್ಕೆ ಹೋಗಿದ್ದನು! ಆಗ ವಕೀಲರು ಕಡತದಿಂದ ನನ್ನ ಪುಟವನ್ನು ತೆಗೆದು ಮುಂದಿಟ್ಟರು. ಅಧಿಕಾರಿಣಿಯು ಅದನ್ನು ಎರಡು ಸಲ ಓದಿ, ಇವರು ನಿಮಗೆ ಏನಾಗಬೇಕೆಂದು ಕೇಳಿದಳು. ತಂದೆಗೆ ಗುರುಗಳೆಂದು ಹೇಳಿದ್ದಕ್ಕೆ ಸುಮ್ಮನೆ ತಲೆಯಾಡಿಸಿ, ಅರ್ಜಿಯ ಖಾಲಿ ಸ್ಥಳದಲ್ಲಿ ಎರಡನೆಯ ಹೆಸರನ್ನು ಬರೆದು, ತಿದ್ದಿದ್ದಕ್ಕೆ ಹುಡುಗಿಯ ರುಜು ತೆಗೆದುಕೊಂಡಳು.

ಉಳಿದದ್ದು ಬೇಗ ಮುಗಿಯಿತು. ಹೇಗೆ ಭೆಟ್ಟಿಯಾದಿರೆಂದು ಕೇಳಲಾಗಿ, ತಮ್ಮ ತಂದೆಗಳು ಮೊದಲು ಭೆಟ್ಟಿಯಾದರೆಂದು ಇಬ್ಬರೂ ನಿಜವನ್ನೇ ಹೇಳಿದರು. ಹಿಂದಿನ ರಾತ್ರಿ ಏನು ಉಂಡಿರೆಂದರೆ ಗಂಡನು ಚಪಾತಿಯೆಂದನು, ಹೆಂಡತಿಯು, ಏನೂ ಉಂಡಿಲ್ಲ, ಮಾಡಿದ ಚಪಾತಿ ಇನ್ನೂ ಡಬ್ಬಿಯಲ್ಲಿವೆ ಎಂದಳು. ತಾನು ಎರಡು ತಿಂದಿರುವೆನೆಂದು ಆತನು ಒಪ್ಪಿಕೊಂಡನಂತೆ. ಮೂವತ್ತು ನಿಮಿಷಕ್ಕೆ ಹೊರಗೆ ಬಂದರು. ಮಂಜೂರಾದದ್ದನ್ನು ಅಲ್ಲಿಯೇ ತಿಳಿಸಿದರು. ಎಲ್ಲರಿಗೂ ಹೀಗೆ ಕೂಡಲೆ ತಿಳಿಸುವದಿಲ್ಲ. ಕೆಲವರಿಗೆ ಇನ್ನಷ್ಟು ಪುರಾವೆ ಬೇಡಿ ಟಪಾಲು ಬರುವದುಂಟು.

ಹೆಂಡತಿಯು ಇನ್ನೂ ಊರಲ್ಲಿಯೇ ಇದ್ದರೆ ದಾರಿ ಬೇರೆ. ಆಗ ಅಲ್ಲಿಯ ಕಾಗದಗಳು ಮುಂಬಯಿಯ ಬಾಂದ್ರಾ-ಕುರ್ಲಾದಲ್ಲಿರುವ ಅಮೇರಿಕದ ದೂತಾವಾಸಕ್ಕೆ ಬರುತ್ತವೆ, ಆಕೆಯು ಬಹುಮಟ್ಟಿಗೆ ಒಬ್ಬಳೇ ಕಿಟಕಿಯ ಮುಂದೆ ನಿಂತು ಉತ್ತರಿಸಬೇಕಾಗುತ್ತದೆ. ಪ್ರವಾಸದ ವೀಸಾ ತೆಗೆದುಕೊಂಡು, ಅಲ್ಲಿಯೇ ಉಳಿಯುವ ಬೇತನ್ನು ಮುಚ್ಚಿಟ್ಟು ಹೋಗುವದು ಅಡ್ಡದಾರಿ. ಅದು ಸುಳ್ಳು ಹೇಳಿಕೆಯ ಗುನ್ಹೆಗೆ ಗುರಿಮಾಡೀತು.

ಇನ್ನೊಂದು ಸಂಗತಿಯನ್ನು ಬಿಟ್ಟರೆ ನಾನು ಹೆಣ್ಣು ಹೆತ್ತವರಿಗೆ ಅನ್ಯಾಯ ಮಾಡಿದಂತಾಗುವದು. ಲಗ್ನವಾಗಿ ಎರಡು ವರ್ಷ ತುಂಬುವ ಮೊದಲೇ ಮಂಜೂರಾದರೆ ಸಿಗುವ ಕಾರ್ಡು ಎರಡೇ ವರ್ಷದ್ದು, ಷರತ್ತಿನದು. ನಮ್ಮ ಹುಡುಗಿಗೆ ಮೂರು ತಿಂಗಳು ಕಡಿಮೆಬಿದ್ದವು! ಅವಧಿ ಮುಗಿಯುವ ಮುಂಚಿನ ತೊಂಬತ್ತು ದಿನಗಳೊಳಗೆ ಇಬ್ಬರೂ ಕೂಡಿ ಐ-751 ಎಂಬ ಅರ್ಜಿಯನ್ನು ಹಾಕಿ, ಸಂಸಾರ ನಡೆದಿದೆಯೆಂದು ತೋರಿಸಬೇಕು. ಈ ಎರಡು ವರ್ಷವನ್ನು ಬೆದರಿಕೆಯ ಕೋಲು ಮಾಡಿಕೊಂಡು, ನಾನು ರುಜು ಹಾಕಲಿಕ್ಕಿಲ್ಲವೆಂದು ಹೆಂಡತಿಯನ್ನು ಹಿಂಸಿಸುವ ಗಂಡಂದಿರಿಲ್ಲವೆಂದಿಲ್ಲ. ಅಂಥವಳು ತಾಳಿಕೊಂಡೇ ಇರಬೇಕೆಂದು ಆ ಕಾಯದೆ ಹೇಳುವದಿಲ್ಲ. ಲಗ್ನವು ನಿಜವಾಗಿದ್ದು, ಆಕೆಯು ಹೊಡೆತ ಬಡಿತ ಕ್ರೌರ್ಯಗಳಿಗೆ ಗುರಿಯಾಗಿದ್ದರೆ, ಗಂಡನ ರುಜುವಿಲ್ಲದೆ ತಾನೊಬ್ಬಳೇ ಅರ್ಜಿ ಹಾಕಬಹುದು. ಕಾರ್ಡು ಸಿಗುವ ಮೊದಲೇ ಹೀಗಾದರೆ, 1994ರ ಕಾಯದೆಯಂತೆ ಗಂಡನಿಗೆ ತಿಳಿಯದ ಹಾಗೆಯೇ ತಾನು ಅರ್ಜಿದಾರಳಾಗಬಹುದು. ಗಂಡನು ಐ-864ರಲ್ಲಿ ಆಕೆಯ ಪೋಷಣೆಗೆ ಬರೆದುಕೊಟ್ಟ ಹೊಣೆಯು ಸೋಡಚೀಟಿಯಾದರೂ ಹರಿಯುವದಿಲ್ಲ. ಮಗಳನ್ನು ಕಳಿಸುವಾಗ ಚಿನ್ನದ ಲೆಕ್ಕದ ಜೊತೆಗೆ ಇಷ್ಟನ್ನೂ ಆಕೆಯ ಕಿವಿಗೆ ಹಾಕಿ ಕಳಿಸಿರಿ. ನಾನು ಈ ಶಿಷ್ಯನ ಮಗಳಿಗೆ ಹೇಳಿದೆನು. ಪುಣ್ಯಕ್ಕೆ ಆಕೆಯ ಗಂಡನೂ ಪಕ್ಕದಲ್ಲಿಯೇ ಕುಳಿತು ಕೇಳಿದನು.

ಕಾರ್ಡು ಟಪಾಲಿನಲ್ಲಿ ಬಂದ ದಿನ ಶಿಷ್ಯನು ದಾಜೀಬಾನಪೇಟೆಯ ತುಳಜಾಭವಾನಿಗೆ ಉಡಿ ತುಂಬಿಸಿ, ಪೇಢೆಯ ಡಬ್ಬಿ ಹಿಡಿದುಕೊಂಡು ನಮ್ಮ ಮನೆಗೆ ಬಂದನು. ಬಂದವನು ಸುಮ್ಮನೆ ಹೋಗಲಿಲ್ಲ. ಐ-751ಕ್ಕೂ ಒಂದು ಕಾಗದ ಬೇಕಾಗುತ್ತದಂತೆ, ಈಗಲೇ ಬರೆದಿಟ್ಟರೆ ಹೇಗೆಂದು ಕೇಳಿದನು. ಬರುವ ನಾಗಪಂಚಮಿಗೆ ಇಬ್ಬರೂ ಬರುವವರಿದ್ದಾರೆ. ಬಂದು ನಾಲ್ಕು ದಿನ ಇರಲಿ, ನೋಡಿದ ಮೇಲೆ ಬರೆಯುತ್ತೇನೆಂದು ಹೇಳಿ, ತಾಟನ್ನು ಆತನ ಮುಂದೆ ಸರಿಸಿದೆನು.